ಹಾಕಿ ಒಂದಿದ್ರೆ ಸಾಕು ಅಂದ್ಕೊಂಡಿದ್ವಿ: ಕೊಡಗಿನ ಹುಡುಗಿ, ಡಚ್ ಗೋಲಿ, ಒಂದು ಪ್ರಕರಣ

ಮೊದಲೇ ಒಂದು ಮಾತು. ಇಲ್ಲಿ ಹೆಸರು, ಊರು, ಒಕ್ಕ (ಅಂದ್ರೆ ಕೊಡವರ ಮನೆತನ), ಯೂನಿವರ್ಸಿಟಿ, ವರ್ಷ ಯಾವ್ದೂ ಹಾಕಿಲ್ಲ, ಒಂದೆರಡು ವಿವರ ಬೇಕಂತಾನೇ ಬದಲಾಯಿಸಿದೀನಿ. ಕೊಡಗಲ್ಲಿ ಮನೆ ಹೆಸರು ಒಂದು ಹೇಳಿದ್ರೆ ಸಾಕು, ತೋಟ ಎಲ್ಲಿ, ಅಜ್ಜ ಮಿಲ್ಟ್ರೀಲಿ ಏನಾಗಿದ್ರು, ಚಿಕ್ಕಮ್ಮನ್ನ ಎಲ್ಲಿಗೆ ಕೊಟ್ಟಿದಾರೆ ಅಂತ ಎರಡು ನಿಮಿಷದಲ್ಲಿ ಪತ್ತೆ ಆಗುತ್ತೆ. ಇಬ್ರನ್ನೂ ಕೇಳಿಯೇ ಬರೀತಿದೀನಿ. ಹುಡುಗಿ ಅಪ್ಪನ್ನೂ ಕೇಳಿದೆ, ಅವರು "ನನ್ನ ಬಗ್ಗೆ ಸುಳ್ಳು ಬರೀಬೇಡಿ ಮಿಸ್, ಉಳಿದಿದ್ದು ಏನಾದ್ರೂ ಮಾಡ್ಕೊಳ್ಳಿ" ಅಂದ್ರು.

ನಾನು ದಕ್ಷಿಣ ಕೊಡಗಿನ ಒಂದು ಕಾಲೇಜಲ್ಲಿ ಪಿಟಿ ಟೀಚರ್. ಮನೆಮಾತು ಕನ್ನಡ, ಪಿರಿಯಾಪಟ್ಣದ ಕಡೆಯವಳು, ಇಲ್ಲಿಗೆ ಬಂದು 20 ವರ್ಷದ ಮೇಲಾಯ್ತು. ಈಚೆಗೆ ಹೊರದೇಶಕ್ಕೆ ಓದೋಕೆ ಹೋಗೋ ಮಕ್ಕಳು ಜಾಸ್ತಿ, ಅವರ ಅಪ್ಪ ಅಮ್ಮಂದಿರು ನಮ್ಮನೆ ಜಗಲೀಲಿ ಬಂದು ಕೂತು ನಿಟ್ಟುಸಿರು ಬಿಡೋದೂ ಜಾಸ್ತಿ, ಅದಕ್ಕೇ ಈ ಒಂದು ಕೇಸನ್ನ ಪೂರ್ತಿ ಬರೆದಿಡೋಣ ಅನಿಸ್ತು. ಇದರಲ್ಲಿ ದೊಡ್ಡದೊಂದು ತಪ್ಪು ನಂದೂ ಇದೆ, ಅದನ್ನೂ ಮುಚ್ಚಿಡಲ್ಲ.

ಹಿನ್ನೆಲೆ

ಹುಡುಗಿ ಕೊಡವರ ಮನೆಯವಳು, ಒಬ್ಬಳೇ ಮಗಳು. ಅಪ್ಪನಿಗೆ 12 ಎಕರೆ ರೊಬಸ್ಟಾ, ಮರಕ್ಕೆಲ್ಲಾ ಕರಿಮೆಣಸಿನ ಬಳ್ಳಿ. ಎಂಟನೇ ಕ್ಲಾಸಿಂದ ಸ್ಟಿಕ್ ಹಿಡಿದವಳು, ಯೂನಿವರ್ಸಿಟಿ ಟೀಮಿಗೆ ಆಡಿದವಳು. ಇವಳ ಹುಚ್ಚು ಏನಂದ್ರೆ ಬಾಲ್ ಸಿಕ್ರೆ ಬಿಡಲ್ಲ, ಇಬ್ರನ್ನ ಡಾಡ್ಜ್ ಮಾಡಿ ಮೂರನೆಯವರನ್ನೂ ಮಾಡೋಕೆ ಹೋಗ್ತಾಳೆ, ನಾನು ಸೈಡಿಂದ "ಪಾಸ್ ಕೊಡೇ" ಅಂತ ಕಿರುಚಿ ಗಂಟಲು ಕಟ್ಟಿಸ್ಕೊಂಡಿದ್ದು ಲೆಕ್ಕ ಇಲ್ಲ.

ಕೊಡವ ಕುಟುಂಬಗಳ ಹಾಕಿ ಹಬ್ಬ ಗೊತ್ತಿಲ್ಲದವರಿಗೆ ಎರಡು ಮಾತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು, ಆಗ 60 ಕುಟುಂಬ. 2024ರಲ್ಲಿ ನಾಪೋಕ್ಲಲ್ಲಿ ಆದಾಗ 360. ಒಂದೊಂದು ವರ್ಷ ಒಂದೊಂದು ಒಕ್ಕ ನಡೆಸುತ್ತೆ, ಕಪ್ಪಿಗೂ ಆ ಮನೆ ಹೆಸರೇ. ಗಂಡು ಹೆಣ್ಣು ಒಂದೇ ಟೀಮಲ್ಲಿ ಆಡ್ತಾರೆ, ಒಂದೇ ಮನೆಯ ಅರವತ್ತರ ಮುದುಕರೂ ಹತ್ತರ ಹುಡುಗ್ರೂ ಇರ್ತಾರೆ. ಆದ್ರೆ ಅದು ಕೊಡವ ಒಕ್ಕಗಳ ಹಬ್ಬ, ಹೊರಗಿನವರು ಎಷ್ಟೇ ಚೆನ್ನಾಗಿ ಆಡಿದ್ರೂ ಲೈನಿನ ಆಚೆ. ನಾನೂ 20 ವರ್ಷದಿಂದ ಲೈನಿನ ಆಚೆಯೇ ನಿಂತು ನೋಡ್ತಿದೀನಿ, ಬೇಜಾರೇನಿಲ್ಲ. ಇದನ್ನ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತೆ.

ಡಿಗ್ರಿ ಮುಗಿಸಿ ನೆದರ್ಲೆಂಡ್ಸಿಗೆ ಎರಡು ವರ್ಷದ ಎಂಎಸ್ಸಿಗೆ ಹೋದಳು. ಸೆಪ್ಟೆಂಬರ್‌ನಲ್ಲಿ ಕ್ಲಾಸ್ ಶುರು, ಅಲ್ಲಿಯ ಹಾಕಿ ಸೀಸನ್ನೂ ಅದೇ ತಿಂಗಳು ಶುರು. ಕಾಚಂಪುಳಿ (ಅಡುಗೆಗೆ ಹಾಕೋ ಕೊಡಗಿನ ಕಪ್ಪು ಹುಳಿ ರಸ) ಬಾಟ್ಲಿ ಒಂದು, ಸ್ಟಿಕ್ ಎರಡು, ಇವಿಷ್ಟನ್ನ ಸೂಟ್‌ಕೇಸಲ್ಲಿ ಮೊದಲು ಹಾಕ್ಕೊಂಡು ಆಮೇಲೆ ಬಟ್ಟೆ ಹಾಕಿದ್ದು ಅಂತ ಅವಳಮ್ಮ ಹೇಳಿದ್ರು.

ಅಲ್ಲಿ ಆಗಿದ್ದು

ಸ್ಟೂಡೆಂಟ್ ಕ್ಲಬ್ಬಿನ ಸೆಲೆಕ್ಷನ್‌ಗೆ ಹೋದಳು, ಮೂರನೇ ಟೀಮಿಗೆ ಹಾಕಿದ್ರು. ಫಸ್ಟ್ ಟೀಮ್ ಅಂತ ಎದೆ ಉಬ್ಬಿಸ್ಕೊಂಡು ಹೋದವಳಿಗೆ ಅದೇ ಮೊದಲ ಪೆಟ್ಟು. ನೀರು ಹಾಕಿದ ಟರ್ಫ್, ಬಾಲ್ ಗುಂಡಿನ ಹಾಗೆ ಹೋಗುತ್ತೆ, ಇವಳು ಕಾಲು ಊರೋಷ್ಟರಲ್ಲಿ ನಾಲ್ಕು ಪಾಸ್ ಆಗಿರುತ್ತೆ. ಬಾಯಿಗೆ ಗಾರ್ಡ್ ಕಡ್ಡಾಯ, ಅದನ್ನ ಕಚ್ಕೊಂಡು ಮಾತಾಡೋಕೂ ಬರ್ತಿರ್ಲಿಲ್ಲವಂತೆ. ಅಲ್ಲಿ ಕ್ಲಬ್ ಮೆಂಬರ್ ಅಂದ್ರೆ ಆಡೋದಷ್ಟೇ ಅಲ್ಲ, ಬೇರೆಯವರ ಮ್ಯಾಚಿಗೆ ಅಂಪೈರ್ ಆಗ್ಬೇಕು, ಕ್ಲಬ್ ಹೌಸಿನ ಬಾರಲ್ಲಿ ಸರದಿ ಮೇಲೆ ಲೋಟ ತೊಳೀಬೇಕು. ಮ್ಯಾಚ್ ಆದ್ಮೇಲೆ ಎರಡೂ ಟೀಮ್ ಕೂತು ಬಿಯರ್ ಕುಡಿಯೋದಕ್ಕೆ 'ಮೂರನೇ ಹಾಫ್' ಅಂತ ಹೆಸರೇ ಇದೆ.

ಇವಳ ಟೀಮಿಗೆ ಟ್ರೇನಿಂಗ್ ಕೊಡ್ತಿದ್ದವನು ಗಂಡಸರ ಎರಡನೇ ಟೀಮಿನ ಗೋಲ್‌ಕೀಪರ್, ಅವನೂ ಅಲ್ಲೇ ಓದೋ ಹುಡುಗ, ಮಣ್ಣು ನೀರು ಮಳೆ ಅದರ ಮೇಲೇ ಓದು. ಇನ್ಮೇಲೆ ಅವನನ್ನ ಗೋಲಿ ಅಂತೀನಿ. ಮೊದಲ ದಿನ ಇವಳು ಅಭ್ಯಾಸಬಲದಿಂದ "ಯೆಸ್ ಸರ್" ಅಂದಳಂತೆ, ಇಡೀ ಟೀಮ್ ಬಿದ್ದು ಬಿದ್ದು ನಕ್ಕಿದೆ, ವಾರವೆಲ್ಲಾ ಅವನನ್ನ ಎಲ್ರೂ ಸರ್ ಅಂತಾನೇ ಕರೆದಿದಾರೆ. ಇವಳಿಗೆ ಅದಕ್ಕಿಂತ ಆಶ್ಚರ್ಯ ಆಗಿದ್ದು ಹುಡುಗೀರು ಟ್ರೇನರ್ ಜೊತೆ ವಾದ ಮಾಡೋದು, "ನೀನು ಹೇಳಿದ್ದು ಸರಿಯಿಲ್ಲ" ಅಂತ ಮುಖದ ಮೇಲೇ ಹೇಳೋದು, ಅವನು ತಲೆ ಕೆರ್ಕೊಂಡು "ಹೌದಲ್ವಾ" ಅನ್ನೋದು. ನನ್ನ ಹತ್ರ ಯಾರಾದ್ರೂ ಹಾಗೆ ಅಂದಿದ್ರೆ ಗ್ರೌಂಡಿಗೆ ಐದು ರೌಂಡ್ ಓಡಿಸ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಅಕ್ಟೋಬರಲ್ಲಿ ಒಂದು ಮ್ಯಾಚ್ ಸೋತ್ರು. ಎಲ್ರ ಎದುರಿಗೇ ಗೋಲಿ ಇವಳಿಗೆ, ನೀನು ಬಾಲ್ ಇಟ್ಕೊಂಡಿದ್ದರಿಂದ ಎರಡು ಗೋಲ್ ಹೋಯ್ತು ಅಂದ. ಅಷ್ಟೇ ಅಂದಿದ್ದು. ಅವನ ಪ್ರಕಾರ ಅದು ಮಾಹಿತಿ, ಇವಳ ಪ್ರಕಾರ ಮರ್ಯಾದೆ ತೆಗೆದಿದ್ದು. ಎಂಟು ದಿನ ಮಾತಿಲ್ಲ. ಒಂಬತ್ತನೇ ದಿನ ಇವಳೇ ಹೋಗಿ ಹಾಗೆಲ್ಲಾ ಎಲ್ರ ಎದುರು ಹೇಳ್ಬಾರ್ದು ಅಂದಾಗ ಅವನು, ಹಾಗಿದ್ರೆ ಅವತ್ತೇ ಹೇಳ್ಬೇಕಿತ್ತು, ಎಂಟು ದಿನ ನಂಗೆ ಹೇಗೆ ಗೊತ್ತಾಗ್ಬೇಕು ಅಂದಿದಾನೆ. ಅಲ್ಲಿಂದ ಶುರುವಾಗಿದ್ದು ಇವರ ಸ್ನೇಹ. ಚಳಿಗಾಲಕ್ಕೆ ಹೊರಗಿನ ಲೀಗ್ ನಿಂತು ಹಾಲಿನೊಳಗೆ ಇಂಡೋರ್ ಹಾಕಿ ಶುರುವಾಗೋ ಹೊತ್ತಿಗೆ ಅದು ಸ್ನೇಹ ಆಗಿ ಉಳಿದಿರ್ಲಿಲ್ಲ.

ಇಲ್ಲಿ ಹುಡುಗ ಒಂದು ಒಳ್ಳೇ ಕೆಲಸ ಮಾಡಿದ. ತಾನು ಟ್ರೇನರ್, ಅವಳು ಆಟಗಾರ್ತಿ, ಹೀಗೆ ಇಟ್ಕೊಂಡು ಮುಂದೆ ಹೋಗೋದು ಸರಿಯಲ್ಲ ಅಂತ ಕ್ಲಬ್ಬಿಗೆ ಹೇಳಿ ಆ ಟೀಮ್ ಬಿಟ್ಟುಕೊಟ್ಟ. ಯಾರೂ ಕೇಳಿರ್ಲಿಲ್ಲ. ನಮ್ಮ ಕಡೆ ಕೋಚ್‌ಗಳೆಲ್ಲಾ ಇದನ್ನ ಎರಡು ಸಲ ಓದಿ ಅಂತ ನನ್ನ ಕೋರಿಕೆ.

ಎಲ್ಲಿ ಹುಡುಕಬಾರದೋ ಅಲ್ಲಿ ಹುಡುಕಿದ್ದು

ವಿಷಯ ನನಗೆ ಮೊದಲು ಗೊತ್ತಾಗಿದ್ದು ಜನವರೀಲಿ, ಫೋನಲ್ಲಿ. ಅಲ್ಲಿಗೂ ಇಲ್ಲಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಅವಳು ಸಂಜೆ ಟ್ರೇನಿಂಗ್ ಮುಗಿಸಿ ಮಾಡಿದ್ರೆ ನಮಗೆ ಮಧ್ಯರಾತ್ರಿ. "ಮಿಸ್, ಏನೂ ಪ್ರಾಬ್ಲಮ್ ಇಲ್ಲ ಮಿಸ್, ನಮ್ಮ ಹಾಗೇನೇ ಅವರು" ಅಂದಳು. ನಂಗೂ ಹೌದು ಅನಿಸ್ತು ನೋಡಿ. ಮಾಂಸ ತಿಂತಾರೆ, ಕುಡೀತಾರೆ, ಗಂಡು ಹೆಣ್ಣು ಒಟ್ಟಿಗೆ ಆಡ್ತಾರೆ, ಕುಣೀತಾರೆ, ಹಾಕಿ ಅಂದ್ರೆ ಜೀವ. ಬೇರೆ ಊರಿಂದ ಹೋದ ಮಕ್ಕಳಿಗೆ ಗಂಟಲಲ್ಲಿ ಇಳಿಯದೇ ಇರೋದು ಯಾವ್ದೂ ಕೊಡಗಿನ ಹುಡುಗಿಗೆ ಹೊಸದಲ್ಲ. ಅದಕ್ಕೇ ಅವಳೂ ನಾನೂ ಮೋಸ ಹೋದ್ವಿ. ವ್ಯತ್ಯಾಸ ಇತ್ತು, ಆದ್ರೆ ನಾವು ಹುಡುಕಿದ ಜಾಗದಲ್ಲಿ ಇರ್ಲಿಲ್ಲ.

ಒಂದು ಉದಾಹರಣೆ ಹೇಳ್ತೀನಿ. ಮೊದಲ ಸಲ ಇಬ್ರೇ ಹೊರಗೆ ಊಟಕ್ಕೆ ಹೋದ್ರು. ಅವನೇ ಕಾರ್ಡ್ ಕೊಟ್ಟ. ಮಾರನೇ ಬೆಳಿಗ್ಗೆ ಇವಳ ಮೊಬೈಲಿಗೆ ಒಂದು ಲಿಂಕ್, ನಿನ್ನ ಪಾಲು 14 ಯೂರೋ 50 ಸೆಂಟ್, ಕೆಳಗೊಂದು ನಗುಮುಖ. ಟಿಕ್ಕಿ ಅಂತ ಆ್ಯಪ್ ಅದು, ಅಲ್ಲಿ ಎಲ್ರೂ ಎಲ್ಲದಕ್ಕೂ ಕಳಿಸ್ತಾರೆ, ತಪ್ಪು ತಿಳ್ಕೊಳ್ಳೋರೇ ಇಲ್ಲ. ಇವಳು ಮುಖ ಕೆಂಪಗೆ ಮಾಡ್ಕೊಂಡು ಕಟ್ಟಿದಳು. ಸರಿ, ಅವರ ಪದ್ಧತಿ ಅಂತ ನುಂಗಿಕೊಂಡಳು. ಎರಡು ವಾರ ಬಿಟ್ಟು ಅವನನ್ನ ತನ್ನ ರೂಮಿಗೆ ಕರೆದು, ಊರಿಂದ ತಂದ ಕಾಚಂಪುಳಿ ಹಾಕಿ ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡಿ, ಅಕ್ಕಿ ತರಿ ಸಿಗದೆ ಮಿಕ್ಸೀಲಿ ತಾನೇ ಒಡೆದು ಕಡುಂಬುಟ್ಟು ಅನ್ನೋ ಅಕ್ಕಿ ಉಂಡೆ ಕಟ್ಟಿ, ನಾಲ್ಕು ಗಂಟೆ ಒಲೆ ಮುಂದೆ ನಿಂತು ಬಡಿಸಿದಳು. ಅವನು ಚಪ್ಪರಿಸ್ಕೊಂಡು ತಿಂದು, ಪ್ಲೇಟ್ ತಾನೇ ತೊಳೆದಿಟ್ಟು, "ತುಂಬಾ ಚೆನ್ನಾಗಿತ್ತು, ಟಿಕ್ಕಿ ಕಳ್ಸು" ಅಂದ.

ಪಾಪ, ಅವನು ಒಳ್ಳೇ ಮನಸ್ಸಿಂದಲೇ ಅಂದಿದ್ದು, ಹುಡುಗಿ ದುಡ್ಡು ನನ್ನಿಂದ ಖರ್ಚಾಗ್ಬಾರ್ದು ಅಂತ. ಅವಳಿಗೆ ಅದು ಕೇಳಿಸಿದ್ದು ಹೇಗೆ ಅಂದ್ರೆ, ಮನೆಗೆ ಬಂದ ನೆಂಟ ಎದ್ದು ಹೋಗುವಾಗ ಎಲೆ ಪಕ್ಕ ನೋಟು ಇಟ್ಟು ಹೋದ ಹಾಗೆ.

ಇನ್ನೊಂದು ಅವರ ಅಪ್ಪ ಅಮ್ಮನ ಮನೇಲಿ ಆಗಿದ್ದು. ಫೆಬ್ರವರೀಲಿ ಕರ್ಕೊಂಡು ಹೋದ. ಕಾಫಿ ಕೊಟ್ರು, ಬಿಸ್ಕೆಟ್ ಡಬ್ಬಿ ತೆಗೆದು ಮುಂದೆ ಹಿಡಿದ್ರು, ಇವಳು ಒಂದು ತಗೊಂಡಳು, ಡಬ್ಬಿ ಮುಚ್ಚಿ ಕಪಾಟಿಗೆ ಹೋಯ್ತು. (ಕಾಫಿ ತೋಟದ ಹುಡುಗಿ, ಕಾಫಿ ಹೇಗಿತ್ತೇ ಅಂತ ಕೇಳಿದೆ, "ಬಿಡಿ ಮಿಸ್" ಅಂದಳು.) ಅದನ್ನೂ ತಡ್ಕೊಂಡಳು. ಆದ್ರೆ ಹೊರಡುವಾಗ ಅವನ ಅಮ್ಮ ಇವರಿಬ್ಬರ ಬಗ್ಗೆ "ಅದು ನಿಮ್ಮಿಬ್ಬರ ನಿರ್ಧಾರ, ನಾವು ಮಧ್ಯ ಬರಲ್ಲ" ಅಂದ್ರು. ಈಗ ಹೇಳಿ, ನಮ್ಮಲ್ಲಿ ಅಮ್ಮ ಅನ್ನೋಳು "ನಿಮ್ಮಿಷ್ಟ" ಅಂದ್ರೆ ಅರ್ಥ ಏನು? ಮನೇಲಿ ಎರಡು ದಿನ ಪಾತ್ರೆ ಸದ್ದು ಜೋರಾಗುತ್ತೆ ಅಂತ ಅರ್ಥ. ಇವಳು ವಾಪಸ್ ಬರೋ ರೈಲಲ್ಲಿ ಅತ್ತಳು, ನಿಮ್ಮಮ್ಮನಿಗೆ ನಾನು ಇಷ್ಟ ಆಗಿಲ್ಲ ಅಂತ. ಅವನು ತಬ್ಬಿಬ್ಬು. ಅವರ ಮನೇಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲವಂತೆ.

ಇಂಥ ಪ್ರತಿ ಜಗಳಕ್ಕೂ ಇವರು ಹಚ್ಕೊಂಡ ಮುಲಾಮು ಹಾಕಿ. ಜಗಳ ಆಯ್ತಾ, ಹೋಗಿ ಹತ್ತು ಪೆನಾಲ್ಟಿ ಸ್ಟ್ರೋಕ್, ಅವಳು ಹೊಡಿಯೋದು ಅವನು ತಡಿಯೋದು, ಬೆವರು ಇಳಿದ್ಮೇಲೆ ಇಬ್ರೂ ನಗೋದು. ಕೇಳೋಕೆ ಚೆಂದ. ಆದ್ರೆ ಯಾವ ಜಗಳವೂ ಮುಗೀತಿರ್ಲಿಲ್ಲ, ಬೆವರಲ್ಲಿ ತೇಲಿ ಹೋಗ್ತಿತ್ತು ಅಷ್ಟೇ. ದುಡ್ಡಿನದು, ಮನೆಯವರದು, ಮುಂದೆ ಎಲ್ಲಿರೋದು ಅನ್ನೋದು, ಒಂದನ್ನೂ ಕೂತು ಮಾತಾಡ್ಲಿಲ್ಲ.

ನನ್ನ ಐಡಿಯಾ, ಅದರ ಫಲ

ಏಪ್ರಿಲಲ್ಲಿ ಹಾಕಿ ಹಬ್ಬಕ್ಕೆ ಹತ್ತು ದಿನ ಬರ್ತೀನಿ, ಅವನೂ ಬರ್ತಾನಂತೆ, ಅಪ್ಪನಿಗೆ ಹೇಗೆ ಹೇಳ್ಲಿ ಮಿಸ್ ಅಂದಳು. ನಾನು ಮಹಾ ಬುದ್ಧಿವಂತೆ, "ಈಗ ಏನೂ ಹೇಳ್ಬೇಡ, ಕ್ಲಾಸ್‌ಮೇಟ್, ಕಾಫಿ ತೋಟ ನೋಡೋಕೆ ಬಂದಿದಾನೆ ಅನ್ನು. ಹಬ್ಬದಲ್ಲಿ ಎಲ್ರೂ ಖುಷೀಲಿರ್ತಾರೆ, ಹುಡುಗನ್ನ ನೋಡ್ಲಿ, ಮಾತಾಡ್ಲಿ, ಹಾಕಿ ಆಡೋನು ಅಂದ್ರೆ ಅರ್ಧ ಕೆಲಸ ಆದ ಹಾಗೆ, ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು" ಅಂದೆ. ಗೋಲಿಗೆ ಇದು ಸುತಾರಾಂ ಇಷ್ಟ ಇರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು, ಅವನು ನೇರ ಹೇಳೋಣ ಅಂದಿದ್ನಂತೆ, ನಿನಗೆ ನಮ್ಮೂರು ಗೊತ್ತಿಲ್ಲ ಅಂತ ಇವಳು ಬಾಯಿ ಮುಚ್ಚಿಸಿದಾಳೆ.

ಬಂದ. ಅಪ್ಪ ಚೆನ್ನಾಗೇ ನೋಡ್ಕೊಂಡ್ರು. ನಾಲ್ಕನೇ ದಿನ ಹಾಲಲ್ಲಿ ಕಪಾಟಿನ ತುಂಬಾ ಇದ್ದ ಡೈರಿಗಳನ್ನ ನೋಡಿ ಏನಿದು ಅಂತ ಕೇಳಿದ. ಮಳೆ ಲೆಕ್ಕ. ಇಲ್ಲಿ ತೋಟದವರ ಮನೇಲಿ ಗೊತ್ತಲ್ಲ, ಬೆಳಿಗ್ಗೆ ಎದ್ದು ಮಳೆ ಮಾಪನ ನೋಡಿ, ಎಷ್ಟು ಇಂಚು ಎಷ್ಟು ಸೆಂಟ್ ಅಂತ ಡೈರೀಲಿ ಬರೆದೇ ಕಾಫಿ ಕುಡಿಯೋದು. ಇವರದ್ದು 30 ವರ್ಷದ್ದಿದೆ. ಹುಡುಗನ ಓದೇ ಮಳೆ ನೀರು, ಕಣ್ಣು ಅರಳಿಸ್ಕೊಂಡು 2018ರ ಆಗಸ್ಟ್ ತೋರಿಸ್ತೀರಾ ಅಂದುಬಿಟ್ಟ. ಗುಡ್ಡ ಕುಸಿದ ವರ್ಷ. ಮಡಿಕೇರಿ ಕಡೆ ಅವರ ನೆಂಟರ ತೋಟ ಹೋಗಿತ್ತು. ಅಪ್ಪ ಏನೂ ಹೇಳದೆ ಎದ್ದು ಹೊರಗೆ ಹೋದ್ರು. ಇವನಿಗೆ ಯಾಕಂತ ಗೊತ್ತಾಗ್ಲಿಲ್ಲ.

ಮ್ಯಾಚಿನ ದಿನ ಮಣ್ಣಿನ ಗ್ರೌಂಡ್, ಬಿಸಿಲು, ಮೈಕಲ್ಲಿ ಕಾಮೆಂಟ್ರಿ, ಸುತ್ತ ಸಾವಿರಾರು ಜನ. ಇವರ ಮನೆ ಒಂದು ಗೋಲ್ ಹಿಂದೆ ಇತ್ತು. ಕೊನೇ ಕ್ವಾರ್ಟರಲ್ಲಿ ಇವಳು ಡಿ (ಗೋಲ್ ಮುಂದಿನ ಅರ್ಧವೃತ್ತ) ಹತ್ರ ಬಾಲ್ ತಗೊಂಡು, ನನ್ನ ಜೀವಮಾನದಲ್ಲಿ ಮೊದಲ ಸಲ, ಡಾಡ್ಜ್ ಮಾಡದೆ ಪಾಸ್ ಕೊಟ್ಟು ಮುಂದೆ ಓಡಿ ವಾಪಸ್ ತಗೊಂಡು ಹೊಡೆದಳು. ಗೋಲ್! ಓಡಿ ಬಂದು ಸೈಡಲ್ಲಿದ್ದ ಅವನನ್ನ ತಬ್ಕೊಂಡಳು. ಒಂದು ಸೆಕೆಂಡ್ ತಬ್ಕೊಂಡಿದ್ರೆ ಯಾರೂ ಏನೂ ಅಂತಿರ್ಲಿಲ್ಲ.

ಮ್ಯಾಚ್ ಮೊಬೈಲಲ್ಲಿ ಲೈವ್ ಹೋಗ್ತಿತ್ತು. ಮೈಸೂರಲ್ಲಿ ಅವಳ ಚಿಕ್ಕಮ್ಮ ನೋಡ್ತಿದ್ರು. ಅಪ್ಪನ ಜೇಬಲ್ಲಿ ಫೋನ್ ಅಲ್ಲೇ ಹೊಡ್ಕೊಳ್ತು, "ಭಾವ, ಆ ಬಿಳಿ ಹುಡುಗ ಯಾರು?" (ಮಾತಾಡಿದ್ದು ಕೊಡವ ತಕ್ಕಲ್ಲಿ, ಅಂದ್ರೆ ಕೊಡವ ಭಾಷೇಲಿ, ನಾನು ಕನ್ನಡ ಮಾಡಿ ಬರೀತಿದೀನಿ.) ಅವರು ಫೋನ್ ಇಟ್ಟು ನನ್ನ ಕಡೆ ಒಂದು ಸಲ ನೋಡಿದ್ರು. ನಂಗೆ ಗೊತ್ತಿತ್ತು ಅನ್ನೋದು ಅವರಿಗೆ ಆ ಕ್ಷಣವೇ ಗೊತ್ತಾಯ್ತು. ಈಗಲೂ ಆ ನೋಟ ನೆನೆದ್ರೆ ಹೊಟ್ಟೆ ಒಳಗೆ ಏನೋ ಆಗುತ್ತೆ.

ರಾತ್ರಿ ಅವರು ಮಗಳಿಗೆ ಅಂದಿದ್ದು ಒಂದೇ ಮಾತು: "ಲೈವಲ್ಲಿ ಊರೆಲ್ಲಾ ನೋಡಿದ್ಮೇಲೆ ಅಪ್ಪನಿಗೆ ಹೇಳ್ತಿದೀಯಾ." ಗೋಲಿಗೆ ಮಾತ್ರ ಊಟದಲ್ಲಿ ಏನೂ ಕಮ್ಮಿ ಮಾಡ್ಲಿಲ್ಲ. ವಾಪಸ್ ಹೋಗುವಾಗ ಅವನು "ನಿಮ್ಮಪ್ಪ ನಂಗೆ ಮೂರು ಸಲ ಪಂದಿ ಕರಿ ಹಾಕಿದ್ರು, ಸಿಟ್ಟಿದ್ರೆ ಹಾಕ್ತಿದ್ರಾ" ಅಂದ್ನಂತೆ. ಅವಳು "ಸಿಟ್ಟಿದ್ರೂ ಹಾಕ್ತಾರೆ, ಅದು ಬೇರೆ ಇದು ಬೇರೆ" ಅಂದಳು. ನಾನು ಮಾರನೇ ದಿನ ಅವರ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಕಾಫಿ ಕೊಟ್ರು. ಮಾತಾಡ್ಲಿಲ್ಲ.

ಮಳೆಗಾಲ ಪೂರ್ತಿ ಅಪ್ಪ ಮಗಳ ಜೊತೆ ಮಾತು ಬಿಟ್ರು. ಅಮ್ಮ ಬಚ್ಚಲುಮನೆ ಹಿಂದೆ ನಿಂತು ಫೋನ್ ಮಾಡೋರು.

ಅಲ್ಲಿ ಇವರಿಬ್ಬರದ್ದೂ ಮುರಿದು ಬೀಳೋ ಹಾಗಾಯ್ತು. ಅವನು ನಾನೇ ಫೋನ್ ಮಾಡಿ ಕೇಳ್ತೀನಿ ಅಂತಾನೆ, ಅವಳು ಕೂಡದು ಅಂತಾಳೆ. ಅವನು ನೀನು ನನ್ನನ್ನ ಸುಳ್ಳುಗಾರ ಮಾಡಿ ನಿಮ್ಮಪ್ಪನ ಮನೇಲಿ ಕೂರಿಸಿದೆ ಅಂದ, ಅವಳು ನಿನಗೆ ಮನೆ ಅಂದ್ರೇನು ಅಂತಾನೇ ಗೊತ್ತಿಲ್ಲ ಅಂದಳು. ಐದು ವಾರ ಬೇರೆ ಬೇರೆ. ಬೇಸಿಗೆ ರಜೆ ಬೇರೆ, ಲೀಗ್ ಇಲ್ಲ, ಸ್ಟ್ರೋಕ್ ಹೊಡ್ಕೊಂಡು ರಾಜಿ ಆಗೋಕೂ ದಾರಿ ಇಲ್ಲ. ನನ್ನ ಲೆಕ್ಕದಲ್ಲಿ ಅದೇ ಒಳ್ಳೇದಾಯ್ತು.

ತಿರುವು

ಸೆಪ್ಟೆಂಬರಲ್ಲಿ ಸೀಸನ್ ಶುರುವಾದಾಗ ಬಾರಿನ ಸರದಿ ಇಬ್ಬರದ್ದೂ ಒಂದೇ ರಾತ್ರಿ ಬಿತ್ತು. ಎಲ್ರೂ ಹೋದ್ಮೇಲೆ ಅವಳು ಲೋಟ ತೊಳೀತಾ, ಅವನು ಒರೆಸ್ತಾ. ಅವಳೇ ಶುರು ಮಾಡಿದ್ದು. ಬಿಯರ್ ಲೆಕ್ಕ ಬರೆಯೋ ಹಾಳೆ ಹಿಂದೆ ಬರ್ಕೊಂಡು ಹೋದ್ರು: ಎಲ್ಲಿರೋದು. ಒಬ್ಬಳೇ ಮಗಳು, ತೋಟ ಯಾರು ನೋಡೋದು. ಅಪ್ಪ ಅಮ್ಮನಿಗೆ ವಯಸ್ಸಾದ್ರೆ. ದುಡ್ಡು ಒಟ್ಟಿಗಾ ಬೇರೆಯಾ. ಮಕ್ಕಳಾದ್ರೆ ಯಾವ ಭಾಷೆ. ವರ್ಷಕ್ಕೆ ಎಷ್ಟು ದಿನ ಕೊಡಗು. ಎಲ್ರ ಎದುರು ತಪ್ಪು ಹೇಳೋದು ಬೇಡ, ಆದ್ರೆ ಅವತ್ತೇ ಹೇಳ್ಬೇಕು, ಎಂಟು ದಿನ ಬಾಯಿ ಹೊಲ್ಕೊಂಡಿರೋದೂ ಬೇಡ. ಮನೇಲಿ ಮಾಡಿದ ಊಟಕ್ಕೆ ಟಿಕ್ಕಿ ಇಲ್ಲ. ಹನ್ನೊಂದು ಗಂಟೆಗೆ ಕೂತವರು ಎರಡು ಗಂಟೆಗೆ ಎದ್ರು. ಆ ಹಾಳೆಯ ಫೋಟೋ ಅವಳು ನಂಗೆ ತೋರಿಸಿದಾಳೆ, ಮೂಲೇಲಿ ಬಿಯರಿನ ಉಂಗುರ, ಎರಡು ಕೈಬರಹ, ತೋಟದ ಸಾಲಿನ ಮುಂದೆ ಉತ್ತರ ಇಲ್ಲ, ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ.

ಆ ವಾರವೇ ಗೋಲಿ ಅಪ್ಪನಿಗೆ ಒಂದು ಕಾಗದ ಬರೆದ, ಇಂಗ್ಲಿಷಲ್ಲಿ, ಕೈಯಲ್ಲಿ, ಅಂಚೇಲಿ. ಮೊದಲ ಪ್ಯಾರ, ನಿಮ್ಮ ಮನೆ ಅನ್ನ ತಿಂದು ನಾನು ಯಾರು ಅಂತ ಹೇಳದೇ ಹೋದೆ, ಅದು ತಪ್ಪು. ಎರಡನೇದು, ನಿಮ್ಮ ಮಗಳನ್ನ ಮದುವೆ ಆಗೋ ಆಸೆ ಇದೆ. ಮೂರನೇದರಲ್ಲಿ, 2018ರ ಬಗ್ಗೆ ಆಗ ಹಾಗೆ ಕೇಳ್ಬಾರ್ದಿತ್ತು ಅಂತ ಅವಳು ಆಮೇಲೆ ಹೇಳಿದಳು, ಕ್ಷಮಿಸಿ. ಹಾಕಿ ಅನ್ನೋ ಶಬ್ದ ಆ ಕಾಗದದಲ್ಲಿ ಒಂದೂ ಇಲ್ಲ.

ಮೂರು ವಾರ ಏನೂ ಇಲ್ಲ. ಆಮೇಲೆ ಒಂದು ಭಾನುವಾರ ಗೋಲಿಯ ವಾಟ್ಸಾಪಿಗೆ ಒಂದು ಫೋಟೋ ಬಂತು. ಡೈರಿಯ ಒಂದು ಪುಟ, ಆಗಸ್ಟ್ 2018. ನೀಲಿ ಇಂಕು, ಒಂದು ದಿನದ ಎದುರು 4.85. ಕೆಳಗೆ ಒಂದಕ್ಷರ ಬರೆದಿಲ್ಲ. ಇವನು ಅರ್ಧ ಗಂಟೆ ಯೋಚನೆ ಮಾಡಿ, ಅದು 123 ಮಿಲಿಮೀಟರ್ ಆಗುತ್ತೆ, ನಮ್ಮೂರಲ್ಲಿ ಒಂದಿಡೀ ತಿಂಗಳಿಗೂ ಅಷ್ಟು ಬರೋದು ಅಪರೂಪ ಅಂತ ಕಳಿಸಿದ. ಅತ್ತಲಿಂದ ಉತ್ತರ: "ಇಂಚಿನಲ್ಲಿ ಹೇಳು."

ಅಲ್ಲಿಂದ ಇವರಿಬ್ಬರ ಮಳೆ ವ್ಯವಹಾರ ಶುರು. ಮಗಳ ಜೊತೆ ಮಾತು ಬಂದಿದ್ದು ಇನ್ನೂ ತಡವಾಗಿ, ಹೊಸ ಭತ್ತದ ಹಬ್ಬ ಪುತ್ತರಿ ದಿನ. ಒಕ್ಕದ ಮೂಲಮನೆ ಐನ್‌ಮನೆಯಿಂದ ಭತ್ತದ ಕದಿರು ತಂದು, ಪೊಲಿ ಪೊಲಿ ದೇವಾ ಕೂಗೆಲ್ಲಾ ಮುಗಿದ ಮೇಲೆ ಅಮ್ಮನ ವಿಡಿಯೋ ಕಾಲಿಗೆ ಅಪ್ಪ ಮುಖ ತೋರಿಸಿ, "ಅವನ ಮನೇಲಿ ಯಾರ್ಯಾರಿದಾರೆ" ಅಂತ ಕೇಳಿದ್ರು.

ನೋಟಿಸ್ ಬೋರ್ಡ್

ಮದುವೆ ಮಾತು ಬಂದಿದ್ದು ಓದು ಮುಗಿದ್ಮೇಲೆ. ಅವಳು ಅಕ್ಟೋಬರಲ್ಲಿ ಊರಿಗೆ ಬಂದಳು. ಓದು ಮುಗಿಸಿದವರಿಗೆ ಅಲ್ಲಿ ಕೆಲಸ ಹುಡುಕೋಕೆ ಒಂದು ವರ್ಷದ ಪರ್ಮಿಟ್ ಸಿಗುತ್ತೆ, ಅದನ್ನ ಮೂರು ವರ್ಷದೊಳಗೆ ಯಾವಾಗ ಬೇಕಾದ್ರೂ ಹಾಕ್ಬಹುದು, ಹಾಗಾಗಿ ಅವಸರ ಇರ್ಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೇಲಿ ರಿಜಿಸ್ಟರ್ ಮಾಡೋದು ಅಂತಾಯ್ತು. ಅದಕ್ಕೆ ಇಬ್ಬರಲ್ಲಿ ಒಬ್ರು ಆ ಜಿಲ್ಲೇಲಿ 30 ದಿನ ಇದ್ದಿರ್ಬೇಕು, ಆಮೇಲೆ ನೋಟಿಸ್ ಕೊಡ್ಬೇಕು, ಆಕ್ಷೇಪಣೆಗೆ 30 ದಿನ, ಆ ನೋಟಿಸನ್ನ ಆಫೀಸಿನ ಬೋರ್ಡಿಗೆ ಅಂಟಿಸ್ತಾರೆ.

ಆ ಬೋರ್ಡ್ ಅಂದ ಕೂಡ್ಲೇ ಅಪ್ಪ ಸುಮ್ಮನಾದ್ರು. ಇನ್ನೊಂದು ಲೈವ್ ಅಲ್ವಾ ಅದು. ನಾನು ಈ ಸಲ ಬಾಯಿ ಬಿಡ್ಲಿಲ್ಲ, ಐಡಿಯಾ ಕೊಟ್ಟಿದ್ದು ಸಾಕಾಗಿತ್ತು. ಎರಡು ದಿನ ಕಳೆದು ಅವರೇ ಜೀಪ್ ತೆಗೆದ್ರು. ನೋಟಿಸ್ ಅಂಟೋಕೆ ಮೊದಲು ಒಕ್ಕದ ಒಂದೊಂದು ಮನೆಗೂ ತಾವೇ ಹೋಗಿ, ಕೂತು, ಹೀಗೀಗೆ, ಹುಡುಗ ಹೊರಗಿನವನು, ನಾನು ಒಪ್ಪಿದೀನಿ, ನಿಮಗೆ ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ಬಂದೆ, ಅಂತ ಹೇಳಿ ಬಂದ್ರು. 11 ಮನೆ, ಐದು ದಿನ. ಎರಡು ಮನೇಲಿ ಕಾಫಿ ಕೊಡ್ಲಿಲ್ಲವಂತೆ, ಕೊಡಗಲ್ಲಿ ಕಾಫಿ ಕೊಡದೇ ಕಳಿಸೋದು ಅಂದ್ರೆ ಎಷ್ಟು ಅಂತ ಇಲ್ಲಿಯವರಿಗೆ ಹೇಳ್ಬೇಕಿಲ್ಲ. ಒಂದು ಮನೇಲಿ ಎಂಬತ್ತು ದಾಟಿದ ಅಜ್ಜ ಒಬ್ರು ಪೂರ್ತಿ ಕೇಳಿಸ್ಕೊಂಡು, "ಯಾವ ದೇಶ? ಹಾಲೆಂಡಾ? 1973ರಲ್ಲಿ ಆಮ್‌ಸ್ಟೆಲ್‌ವೀನಲ್ಲಿ ನಮ್ಮ ಗಣೇಶನ ಟೀಮ್ 2-0 ಮುಂದಿತ್ತು, 2-2 ಮಾಡಿ ಸ್ಟ್ರೋಕಲ್ಲಿ ವರ್ಲ್ಡ್ ಕಪ್ ಹೊಡ್ಕೊಂಡು ಹೋದ್ರು, ಈಗ ಹುಡುಗೀನೂ ಹೊಡ್ಕೊಂಡು ಹೋಗ್ತಾರಾ" ಅಂದ್ರಂತೆ. ಆ ಟೀಮಿನ ಕ್ಯಾಪ್ಟನ್ ಎಂ.ಪಿ. ಗಣೇಶ್ ಕೊಡಗಿನವರೇ. ಇಡೀ ಪ್ರಕರಣದಲ್ಲಿ ಹಾಕಿ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಅಂದ್ರೆ ಅದೊಂದೇ ಕಡೆ ಅನ್ಸುತ್ತೆ, ಆ ಮನೆಯವರೆಲ್ಲಾ ಮದುವೆಗೆ ಬಂದ್ರು.

ಗೋಲಿ ಡಿಸೆಂಬರಲ್ಲಿ ಆರು ವಾರ ರಜೆ ಹಾಕಿ ಬಂದ. ರೊಬಸ್ಟಾ ಕೊಯ್ಲು ಶುರುವಾಗಿತ್ತು. ಸಂಜೆ ಚೀಲ ತೂಕ ಹಾಕೋ ಹತ್ರ ಕೂತು ಲೆಕ್ಕ ಬರೆದ, ಕಣದಲ್ಲಿ ಕಾಫಿ ಹರವಿದ, ಮೈಯೆಲ್ಲಾ ಕೆಂಜಿಗ ಕಚ್ಚಿಸ್ಕೊಂಡ. ಹೀರೋ ತರ ಏನೂ ಮಾಡ್ಲಿಲ್ಲ. ಜನವರೀಲಿ ರಿಜಿಸ್ಟರ್ ಆಯ್ತು, ಮನೇಲಿ ಊಟ. ಬಾಳೆ ಕಡಿಯೋದು, ಮದುಮಗಳು ಬಾವಿಯಿಂದ ನೀರು ತರೋ ಗಂಗಾಪೂಜೆ, ಕೊಡವ ಮದುವೆಯ ಈ ಶಾಸ್ತ್ರ ಯಾವ್ದೂ ಮಾಡ್ಲಿಲ್ಲ, ಒಕ್ಕದ ಹಿರಿಯರು ಅದಕ್ಕೆ ಒಪ್ಪಲಿಲ್ಲ, ಅಪ್ಪನೂ ಒತ್ತಾಯ ಮಾಡ್ಲಿಲ್ಲ. ಹುಡುಗಿಗೆ ಆ ನೋವು ಇವತ್ತಿಗೂ ಇದೆ. ಅವಳ ಅಜ್ಜಿ ಮಾತ್ರ ಬೆಳಿಗ್ಗೆ ಯಾರಿಗೂ ಹೇಳದೆ ಅವಳಿಗೆ ಕೊಡವ ಸೀರೆ ಉಡಿಸಿ, ಹಿಂದೆ ನೆರಿಗೆ ಸರಿ ಮಾಡಿ, ಬಾವಿಯಿಂದ ಒಂದು ಕೊಡ ನೀರು ತರಿಸಿದ್ರು. ಅದನ್ನ ಏನಂತ ಕರೀಬೇಕೋ ಕರ್ಕೊಳ್ಳಿ.

ನನಗೆ ಕಂಡಿದ್ದು

ನನ್ನ ಹತ್ರ ಬರೋ ಅಪ್ಪ ಅಮ್ಮಂದಿರಿಗೂ ಮಕ್ಕಳಿಗೂ ಈಗ ನಾನು ಹೇಳೋದು ಬೇರೆ. ಮೊದಲೆಲ್ಲಾ ಒಂದೇ ಆಟ ಒಂದೇ ಆಸಕ್ತಿ ಇದ್ರೆ ಉಳಿದಿದ್ದು ಹೊಂದ್ಕೊಳ್ಳುತ್ತೆ ಅಂತಿದ್ದೆ. ಈ ಕೇಸಲ್ಲಿ ಆಟ ಇಬ್ರನ್ನ ಸೇರಿಸ್ತು ನಿಜ, ಒಂದು ವರ್ಷ ಇಬ್ರಿಗೂ ನಿಜವಾದ ಮಾತು ಆಡೋಕೆ ಬಿಡದೇ ಇದ್ದಿದ್ದೂ ಅದೇ ಆಟ. ಹಾಗಾಗಿ ಈಗ ಮೊದಲು ಕೇಳೋದು, ಸೀಸನ್ ಇಲ್ಲದಾಗ ಇಬ್ರೂ ಏನು ಮಾತಾಡ್ತೀರಾ ಅಂತ.

ಮನೆಯವರಿಗೆ ಹೇಳೋ ವಿಷಯದಲ್ಲಿ ಹುಡುಗ ಹೇಳಿದ್ದೇ ಸರಿ ಇತ್ತು, ನಮ್ಮೂರು ಗೊತ್ತಿದೆ ಅಂತ ಬೀಗಿದ ನಾವಿಬ್ರೇ ಊರನ್ನ ತಪ್ಪಾಗಿ ಓದಿದ್ವಿ. ಆ ಅಪ್ಪನಿಗೆ ಹುಡುಗ ಯಾರು ಅನ್ನೋದಕ್ಕಿಂತ ತನಗೆ ಎಷ್ಟನೆಯವನಾಗಿ ಗೊತ್ತಾಯ್ತು ಅನ್ನೋದು ಉರಿದಿದ್ದು, ಆ ಉರಿ ಗೊತ್ತಿದ್ದಕ್ಕೇ ಅವರು 11 ಮನೆ ತಿರುಗಿದ್ದು. ಇನ್ನು ಕಾಗದಪತ್ರದ್ದು, ಅದನ್ನ ಪ್ರೀತಿ ಮಾಡೋರು ಯಾರೂ ಓದಲ್ಲ. ಮದುವೆ ಆದ್ಮೇಲೆ ಅವಳು ಡಚ್ ಪೌರತ್ವ ತಗೊಂಡ್ರೆ ಇಂಡಿಯಾ ಪಾಸ್‌ಪೋರ್ಟ್ ಹೋಗುತ್ತೆ, ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಹೊರದೇಶದ ಪೌರತ್ವ ಇರೋರು ಇಲ್ಲಿ ತೋಟ ಕೊಂಡ್ಕೊಳ್ಳೋ ಹಾಗಿಲ್ಲ, ಅಪ್ಪನಿಂದ ವಾರಸುದಾರಿಕೆಯಲ್ಲಿ ಬರೋದು ಬೇರೆ. ಇದೆಲ್ಲಾ ವಕೀಲರ ಹತ್ರ ಕೂತು ಕೇಳಿ, ಅವಳು ಸದ್ಯಕ್ಕೆ ಪಾಸ್‌ಪೋರ್ಟ್ ಹಾಗೇ ಇಟ್ಕೊಳ್ಳೋದು ಅಂತ ತೀರ್ಮಾನ ಆಗಿದ್ದು ಮದುವೆಗೆ ಮೊದಲೇ. ಆ ಬಿಯರ್ ಹಾಳೆಯ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇನ್ನೂ ಹಾಗೇ ಇದೆ. ತೋಟ ಮುಂದೆ ಯಾರು ನೋಡೋದು ಅಂತ ಯಾರಿಗೂ ಗೊತ್ತಿಲ್ಲ.

ಈಗ ಇಬ್ರೂ ಅಲ್ಲೇ ಕೆಲಸದಲ್ಲಿದಾರೆ. ಪ್ರತಿ ಭಾನುವಾರ ಫೋನಲ್ಲಿ ಅಪ್ಪ ಕೇಳೋದು, ಬರೋದು ಯಾವಾಗ ಅಂತ. ನಮ್ಮಲ್ಲಾದ್ರೆ "ನೋಡೋಣ, ಬರ್ತೀವಿ" ಅಂತಾರೆ, ಗೋಲಿ ಅಲ್ಲೇ ಡೈರಿ ಬಿಚ್ಚಿ ಜೂನ್ ತಿಂಗಳಲ್ಲಿ ಕೂತು "ಡಿಸೆಂಬರ್ 14, ಬೆಳಿಗ್ಗೆ" ಅಂತಾನೆ. ಮೊದಮೊದಲು ಅಪ್ಪನಿಗೆ ಇದು ಕೇಳಿದ್ರೆ ಮೈ ಉರೀತಿತ್ತು, ನೆಂಟರಾ ಡಾಕ್ಟ್ರಾ ಇವನು ಅಂತ. ಮೊನ್ನೆ ಅವರ ಮನೆಗೆ ಹೋದಾಗ ಜೋರು ಮಳೆ, ಕರೆಂಟಿಲ್ಲ, ಅವರು ಟಾರ್ಚ್ ಹಿಡ್ಕೊಂಡು ಡೈರೀಲಿ ಹಿಂದಿನ ದಿನದ ಲೆಕ್ಕ ಬರೀತಿದ್ರು. ನಾನು ಸುಮ್ನೆ ಪುಟ ಮುಂದೆ ತಿರುವಿದೆ. ಡಿಸೆಂಬರ್ 14ರ ಎದುರು, ಮಳೆ ಬರೆಯೋ ಜಾಗದಲ್ಲಿ, ನೀಲಿ ಇಂಕಲ್ಲಿ ಎರಡು ಹೆಸರು ಬರೆದಿತ್ತು.